ಯುಗಾದಿ ಪ್ರದರ್ಶನಕ್ಕೆ ‘ಕೋನ’: ಕಟ್ಟಡ ಬಿಟ್ಟು ಮುಂಬೈಯಲ್ಲಿ ಇನ್ನೇನು ತೆಗೆಯಬಹುದು?

ಕಲ್ಯಾಣ್ ಸ್ಲೋ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದಲ್ಲಿ ಯುಗಾದಿಗೆ ಫೋಟೋ ಪ್ರದರ್ಶನ ಇದೆ. ಈ ಸಲದ ವಿಷಯ ‘ಕೋನ’. ಒಬ್ಬರು ಆರು ಫೋಟೋ ಕೊಡಬಹುದು, ಆದರೆ ಆರರಲ್ಲೂ ಬೇರೆ ಬೇರೆ ವಸ್ತು ಇರಬೇಕಂತೆ.

ನನ್ನ ಆಫೀಸು ಫೋರ್ಟ್‌ನಲ್ಲಿ. ಊಟದ ಬಿಡುವಿನಲ್ಲಿ ಸುತ್ತಾಡಿ ತೆಗೆದದ್ದೆಲ್ಲ ಕಟ್ಟಡಗಳೇ. ಸಿಎಸ್‌ಎಂಟಿ ರೈಲು ನಿಲ್ದಾಣದ ಚೂಪು ಕಮಾನು, ಚರ್ಚ್‌ಗೇಟ್ ಎದುರಿನ ಎರೋಸ್ ಸಿನಿಮಾದ ಮೂಲೆ, ಇಂಥವು. ಇನ್ನೊಂದು ತಲೆನೋವು ಅಂದರೆ ಎತ್ತರದ ಕಟ್ಟಡ ಯಾವುದು ತೆಗೆದರೂ ಹಿಂದಕ್ಕೆ ಮಲಗಿದ ಹಾಗೆ ಬರುತ್ತದೆ. ನನ್ನ ಹತ್ತಿರ ಫೋನ್ ಇದೆ, ಅಣ್ಣ ಕೊಟ್ಟ ಹಳೆಯ ಡಿಎಸ್‌ಎಲ್‌ಆರ್ ಇದೆ, 18-55 ಲೆನ್ಸ್.

ಕ್ಯಾಮೆರಾವನ್ನೇ ಓರೆ ಹಿಡಿದರೆ ಸಾಕು, ಕೋನ ತಾನಾಗಿ ಬರುತ್ತದೆ ಅಂತ ಗೆಳತಿ ಹೇಳುತ್ತಾಳೆ. ನನಗೆ ಅದು ನೋಡಿದರೆ ತಲೆ ಸುತ್ತುತ್ತದೆ. ನೀವೇನಂತೀರಿ?

ಸೆಟ್ ಸ್ಕ್ವೇರ್, ಮಾಟುಂಗಾ:

ಮೊದಲು ಆ ಮಲಗುವ ಕಟ್ಟಡದ ವಿಷಯ ಮುಗಿಸೋಣ. ನಾನು ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಟಿ-ಸ್ಕ್ವೇರು, ಎರಡು ಸೆಟ್ ಸ್ಕ್ವೇರು, ಇಂಕ್ ಪೆನ್ನು, ಬ್ಲೇಡು, ಇಷ್ಟೇ ಆಸ್ತಿ. ಆ ಎರಡು ತ್ರಿಕೋನ ಪಟ್ಟಿಗಳಲ್ಲಿ ಇರುವುದು 30, 45, 60, 90 ಡಿಗ್ರಿ ಕೋನ. ಇವತ್ತಿಗೂ ಬಸ್ಸಿನ ಕಿಟಕಿಯಲ್ಲಿ ಕೂತರೆ ಕಣ್ಣು ಅವನ್ನೇ ಹುಡುಕುತ್ತದೆ. ಮನೆಯಾಕೆ ಬೈಯುತ್ತಾಳೆ.

ಬೋರ್ಡಿನ ಮೇಲೆ ಕಟ್ಟಡದ ಮೂಲೆ ಬಿಡಿಸುವಾಗ ಒಂದು ಗೋಡೆಯ ಅಡ್ಡ ಗೆರೆಗಳು ದೂರದಲ್ಲಿ ಎಡಗಡೆಯ ಒಂದು ಬಿಂದುವಿಗೆ ಓಡಿ ಸೇರುತ್ತವೆ, ಇನ್ನೊಂದರವು ಬಲಗಡೆಯ ಬಿಂದುವಿಗೆ. ನೆಟ್ಟಗಿನ ಗೆರೆಗಳು ನೆಟ್ಟಗೇ ಇರುತ್ತವೆ. ನೋಡುವವನು ತಲೆ ಎತ್ತಿದರೆ ಮಾತ್ರ ಮೂರನೇ ಬಿಂದು ಮೇಲೆ ಆಕಾಶದಲ್ಲಿ ಹುಟ್ಟುತ್ತದೆ. ಆಗ ನೆಟ್ಟಗಿನ ಗೆರೆಗಳೂ ಅಲ್ಲಿಗೆ ಓಡುತ್ತವೆ. ನಿಮ್ಮ ಕ್ಯಾಮೆರಾದಲ್ಲಿ ಆಗುತ್ತಿರುವುದು ಇದೇ. ಲೆನ್ಸ್ ಕೆಟ್ಟಿಲ್ಲ.

ಹಾಗಾಗಿ ಫೋನಿನ ಬೆನ್ನು ಗೋಡೆಗೆ ಸಮಾನಾಂತರವಾಗಿರಲಿ. ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ಕಟ್ಟಡದ ತುದಿ ಕತ್ತರಿಸಿ ಹೋದರೆ ತಲೆ ಎತ್ತಬೇಡಿ, ಹಿಂದಕ್ಕೆ ನಡೆಯಿರಿ. ಕೆಳಗೆ ರಸ್ತೆ ಜಾಸ್ತಿ ಬಂದರೆ ಆಮೇಲೆ ಕ್ರಾಪ್ ಮಾಡಿ. ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಯಾರಾದರೂ ಪರಿಚಯದವರಿದ್ದರೆ ಇನ್ನೂ ಒಳ್ಳೆಯದು. ಇಲ್ಲ, ನನಗೆ ಗೆರೆಗಳ ಆ ಓಟವೇ ಬೇಕು ಅಂದರೆ ಕಟ್ಟಡದ ಬುಡಕ್ಕೆ ಹೋಗಿ ಪೂರ್ತಿ ಮೇಲಕ್ಕೆ ನೋಡಿ ತೆಗೆಯಿರಿ. ಅರೆಬರೆ ತಲೆ ಎತ್ತಿದ ಚಿತ್ರ ಎರಡಕ್ಕೂ ಸಲ್ಲುವುದಿಲ್ಲ.

ಆರರಲ್ಲಿ ಕಟ್ಟಡ ಒಂದೇ ಇರಲಿ. ನನ್ನನ್ನು ಕೇಳಿದರೆ ಆ ಒಂದು ಕಾಂಚನಜುಂಗಾ. ಕಂಬಾಲಾ ಹಿಲ್‌ನಲ್ಲಿದೆ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ, 1983ರಲ್ಲಿ ಮುಗಿದದ್ದು, 28 ಮಹಡಿ. ಎಲ್ಲ ಕಟ್ಟಡಕ್ಕೂ ಮೂಲೆ ಹೊರಗೆ ಚಾಚಿರುತ್ತದೆ. ಇದರಲ್ಲಿ ಮೂಲೆಯನ್ನೇ ಕೊರೆದು ತೆಗೆದು ಎರಡು ಮಹಡಿ ಎತ್ತರದ ಬಾಲ್ಕನಿ ಮಾಡಿದ್ದಾರೆ. ಸಮುದ್ರದ ಗಾಳಿ ಬೇಕು, ಪಡುವಣ ಬಿಸಿಲೂ ಮಳೆಯೂ ನೇರ ಮನೆಯೊಳಗೆ ಬರಬಾರದು. ಹಳೆಯ ಬಂಗಲೆಗಳಲ್ಲಿ ವೆರಾಂಡ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಖಾಲಿ ಮೂಲೆ ಮಾಡುತ್ತದೆ. ದೂರದಿಂದ, ಲೆನ್ಸನ್ನು 55ಕ್ಕೆ, ಅಂದರೆ ಪೂರ್ತಿ ಝೂಮ್‌ಗೆ, ಹಾಕಿ, ಸಂಜೆ ತೆಗೆಯಿರಿ. ಬಿಸಿಲು ಆ ಗೂಡಿನ ಒಳಗೆ ಓರೆಯಾಗಿ ಬಿದ್ದು ಅರ್ಧ ಬೆಳಕು, ಅರ್ಧ ಕತ್ತಲೆ ಆಗಿರುತ್ತದೆ. ಫ್ರೇಮಿನಲ್ಲಿ ಒಂದು ಮೂಲೆ ಸಾಕು, ಇಡೀ ಕಟ್ಟಡ ಬೇಡ.

ಇನ್ನು ಉಳಿದವು. ವರ್ಲಿ ಅಥವಾ ವರ್ಸೋವಾ ಕೋಳಿವಾಡಕ್ಕೆ, ಅಂದರೆ ಮೀನುಗಾರರ ಕೇರಿಗೆ, ಹೋಗಿ ಮಾರಾಯ್ರೇ! ಈಗ ಚಳಿಗಾಲ, ಬೊಂಬಿಲ್ ಮೀನು ಒಣಗಿಸುವ ಕಾಲ. ಬಿದಿರು ಕಟ್ಟಿ ಹಗ್ಗ ಎಳೆದಿರುತ್ತಾರೆ. ಎರಡು ಮೀನಿನ ಬಾಯಿಯನ್ನು ಒಂದಕ್ಕೊಂದು ಸಿಕ್ಕಿಸಿ ಹಗ್ಗದ ಮೇಲೆ ನೇತು ಹಾಕುತ್ತಾರೆ. ಒಂದು ಬಾಲ ಆಚೆ, ಒಂದು ಈಚೆ. ಪಕ್ಕದಿಂದ ನೋಡಿದರೆ ಸಾಲು ಸಾಲು ಚೂಪು ಕೋನ. ಬಿದಿರಿನ ಅಡ್ಡಗಂಬಗಳು ಇನ್ನೊಂದು ಕೋನ. ಅಲ್ಲಿನ ಹೆಂಗಸರನ್ನು ಕೇಳಿಯೇ ಕ್ಯಾಮೆರಾ ತೆಗೆಯಿರಿ. ಮೀನು ಕೊಂಡರೆ ಮಾತು ಸಲೀಸು.

ನೆರಳನ್ನು ಮರೆಯಬೇಡಿ. ನಮ್ಮ ಮುಂಬೈ 19 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ತಿಂಗಳ ನಡುವಿನಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ, ಕಂಬದ ನೆರಳು ಬುಡದಲ್ಲೇ ಮುಗಿಯುತ್ತದೆ. ಜನವರಿಯಲ್ಲಿ ನಡುಮಧ್ಯಾಹ್ನಕ್ಕೂ ಅವನು ಸುಮಾರು 50 ಡಿಗ್ರಿಯಲ್ಲೇ ಇರುತ್ತಾನೆ. ಅಂದರೆ ನಿಮ್ಮ ಊಟದ ಬಿಡುವಿನಲ್ಲೂ ನೆರಳು ಸಿಗುತ್ತದೆ. ಯಾವುದಾದರೂ ಮೆಟ್ಟಿಲಿನ ಕೈಕಂಬಿ ನೋಡಿ. ಕಂಬಿ ನೇರ, ಆದರೆ ನೆರಳು ಮೆಟ್ಟಿಲ ಮೇಲೆ ಬೀಳುವಾಗ ಮುರಿದು ಮುರಿದು ಹಾವಿನ ಹಾಗೆ ಇಳಿಯುತ್ತದೆ. ಫೋರ್ಟ್‌ನಲ್ಲಿ ಇಂಥ ಮೆಟ್ಟಿಲಿಗೆ ಬರವೇ?

ಓರೆ ಕ್ಯಾಮೆರಾ ಬಗ್ಗೆ ನನ್ನದು ಖಡಾಖಂಡಿತ. ಬೇಡ. ಕೋನ ಅಂದರೆ ಎರಡು ಗೆರೆ ಸೇರುವ ಜಾಗ. ಕ್ಯಾಮೆರಾ ತಿರುಗಿಸಿದರೆ ಆ ಎರಡು ಗೆರೆಯ ನಡುವಿನ ಅಳತೆ ಎಳ್ಳಷ್ಟೂ ಬದಲಾಗುವುದಿಲ್ಲ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬದಲಾಗುತ್ತದೆ.

ಓರೆಗಣ್ಣು:

ಸೆಟ್ ಸ್ಕ್ವೇರ್ ಸರ್, ಬೊಂಬಿಲ್ ಐಡಿಯಾಕ್ಕೆ ನಮಸ್ಕಾರ. ಆದರೆ ಕೊನೆಯ ಮಾತು ಒಪ್ಪಲಾರೆ. ಫೋಟೋಗೆ ಇನ್ನೂ ನಾಲ್ಕು ಗೆರೆ ಇದೆ ಅಲ್ವಾ, ಅಂಚು? ಕ್ಯಾಮೆರಾ ತಿರುಗಿಸಿದರೆ ಅಂಚಿನ ಜೊತೆಗಿನ ಕೋನ ಬದಲಾಗುತ್ತದೆ. ರಷ್ಯಾದ ಅಲೆಕ್ಸಾಂಡರ್ ರಾಡ್ಚೆಂಕೊ ಮಾಡಿದ್ದು ಅದನ್ನೇ. 1925ರಲ್ಲಿ ಮಾಸ್ಕೋದ ಒಂದು ಮನೆಯ ಬಾಲ್ಕನಿಗಳನ್ನು ಕೆಳಗಿನಿಂದ ಕಡಿದಾಗಿ ತೆಗೆದ. 1930ರ ಅವನ ಮೆಟ್ಟಿಲ ಚಿತ್ರದಲ್ಲಿ ಮಗು ಎತ್ತಿಕೊಂಡ ಹೆಂಗಸು ಹತ್ತುತ್ತಿದ್ದಾಳೆ, ಮೆಟ್ಟಿಲುಗಳೆಲ್ಲ ಫ್ರೇಮಿಗೆ ಓರೆಯಾಗಿ ಪಟ್ಟೆ ಪಟ್ಟೆ. ಅದನ್ನು ನೆಟ್ಟಗೆ ಮಾಡಿ ನೋಡಿ, ಸಪ್ಪೆ.

ಮೇಡಂ, ನನ್ನ ಲೆಕ್ಕ ಇಷ್ಟೇ. ಐದು ಡಿಗ್ರಿ ಓರೆಯಾದರೆ ಕೈ ಜಾರಿತು ಅನ್ನುತ್ತಾರೆ. ಮಾಡಿದರೆ ಧೈರ್ಯವಾಗಿ ಮಾಡಿ, ಒಂದೇ ಒಂದು ಚಿತ್ರದಲ್ಲಿ ಮಾಡಿ. ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಸೇತುವೆಯಿಂದ ಧೋಬಿ ಘಾಟ್ ತೆಗೆಯಿರಿ. ಅಲ್ಲಿ ಕ್ಲಿಪ್ ಬಳಸುವುದಿಲ್ಲ, ಹೊಸೆದ ಜೋಡಿ ಹಗ್ಗದ ನಡುವೆ ಬಟ್ಟೆ ಸಿಕ್ಕಿಸುತ್ತಾರೆ. ಮೇಲಿನಿಂದ ನೋಡಿದರೆ ತೊಟ್ಟಿಗಳ ಚೌಕ, ಅದರ ಮೇಲೆ ಹಗ್ಗದ ಓರೆ. ದಿಗಂತ ಕಾಣುವುದಿಲ್ಲವಾದ್ದರಿಂದ ಓರೆ ಹಿಡಿದರೂ ತಲೆ ಸುತ್ತುವುದಿಲ್ಲ.

ಸೆಟ್ ಸ್ಕ್ವೇರ್, ಮಾಟುಂಗಾ:

ಅಂಚಿನ ಮಾತು ಸರಿ, ಅದು ಒಳ್ಳೆಯ ಪಾಯಿಂಟು. ದಿಗಂತ ಇಲ್ಲದ ಕಡೆ ಬೇಕಾದರೆ ತಿರುಗಿಸಿ. ಮರೀನ್ ಡ್ರೈವಿನಲ್ಲಿ ಮಾತ್ರ ದಯವಿಟ್ಟು ಬೇಡ, ಸಮುದ್ರ ಚೆಲ್ಲಿಹೋಗುತ್ತದೆ.

ಘಾಟ್ಕೋಪರ್ ಭಾಗವತರು:

ಕಟ್ಟಡ, ಮೆಟ್ಟಿಲು ಸರಿ, ಮನುಷ್ಯರನ್ನು ಯಾಕೆ ಬಿಟ್ಟಿರಿ? ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನದ ಮೇಳದವರು ಮುಂಬೈಗೆ ಬರುತ್ತಾರಲ್ಲ, ಆಗ ತೆಗೆದದ್ದು ಏನಾದರೂ ಫೋನಿನಲ್ಲಿ ಇದೆಯಾ ನೋಡಿ. ಬಡಗುತಿಟ್ಟಿನ ಪುಂಡುವೇಷ (ಯುವವೀರನ ಪಾತ್ರ) ಮಂಡಿ ಹಾಕಿ ತಿರುಗುವಾಗ ಮೊಣಕಾಲು ಒಂದು ಕೋನ, ಮೊಣಕೈ ಒಂದು ಕೋನ, ಕೈಯಲ್ಲಿರುವ ಬಿಲ್ಲು ಮತ್ತೊಂದು. ವೇದಿಕೆಯ ಎಡಬದಿಯ ನೆಲದಿಂದ ತೆಗೆದರೆ ಚೆನ್ನ.

ಮತ್ತೆ ಬಾಂದ್ರಾ-ವರ್ಲಿ ಸಮುದ್ರ ಸೇತುವೆ, ಸೀ ಲಿಂಕ್ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅದರ ಮೇಲೆ ನಡೆಯುವ ಹಾಗಿಲ್ಲ, ಬೈಕ್ ಬಿಡುವುದಿಲ್ಲ, ಕಾರು ನಿಲ್ಲಿಸುವ ಹಾಗಿಲ್ಲ. ಬಾಂದ್ರಾ ಕೋಟೆಗೆ ಹೋಗಿ. 128 ಮೀಟರಿನ ಕಂಬ, ಎರಡೂ ಕಡೆ ಇಳಿಯುವ ಕೇಬಲ್, ಎಲ್ಲ ಅಲ್ಲಿಂದಲೇ ಕಾಣುತ್ತದೆ. ಆದರೆ 2009ರಲ್ಲಿ ಶುರುವಾದಾಗಿನಿಂದ ಈ ಊರಿನಲ್ಲಿ ಅದರ ಫೋಟೋ ತೆಗೆಯದವರು ಯಾರಿದ್ದಾರೆ ಹೇಳಿ.

ಕಲ್ಯಾಣ್ ಸ್ಲೋ:

ಎಲ್ಲರಿಗೂ ಥ್ಯಾಂಕ್ಸ್! ಯಕ್ಷಗಾನದ್ದು ಒಂದು ಸಿಕ್ಕಿತು, ಸ್ವಲ್ಪ ಕದಲಿದೆ, ಆದರೂ ಮೊಣಕಾಲು ಸ್ಪಷ್ಟ. ಬೊಂಬಿಲ್, ಕಾಂಚನಜುಂಗಾ, ಕೈಕಂಬಿಯ ನೆರಳು, ಧೋಬಿ ಘಾಟ್ ಸೇರಿ ಐದಾಯಿತು. ಆರನೆಯದಕ್ಕೆ ಶಿವಡಿಯ ಫ್ಲೆಮಿಂಗೋ ಹಕ್ಕಿ ಹೇಗೆ? ಕಾಲು ಮಡಿಸಿ ನಿಲ್ಲುತ್ತವಲ್ಲ.

ಸೆಟ್ ಸ್ಕ್ವೇರ್, ಮಾಟುಂಗಾ:

ಕೋನ ಒಳ್ಳೆಯದೇ. ನಾವು ಹಿಂದುಮುಂದಾಗಿ ಮಡಚಿದ ಮೊಣಕಾಲು ಅಂದುಕೊಳ್ಳುವುದು ನಿಜಕ್ಕೂ ಅದರ ಹಿಮ್ಮಡಿಯ ಕೀಲು. ಮೊಣಕಾಲು ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಕೊಕ್ಕು ಕೂಡ ನಡುವೆ ಥಟ್ಟನೆ ಬಾಗಿದೆ. ಆದರೆ ನಿಮ್ಮ 55 ಲೆನ್ಸಿಗೆ ಅವು ಕೆಸರಿನ ಮೇಲೆ ಗುಲಾಬಿ ಚುಕ್ಕೆಗಳು ಅಷ್ಟೇ. ಯಾರದ್ದಾದರೂ ದೊಡ್ಡ ಲೆನ್ಸ್ ಸಿಕ್ಕಿದರೆ ಹೋಗಿ, ಇಲ್ಲದಿದ್ದರೆ ಬಿಡಿ.

ಅದರ ಬದಲು ನಮ್ಮ ಮಾಟುಂಗಾಕ್ಕೆ ಬನ್ನಿ. ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಬೆಳಿಗ್ಗೆ ಕಿಟಕಿ ಪಕ್ಕದ ಟೇಬಲ್ ಹಿಡಿಯಿರಿ. ತ್ರಿಕೋನ ಮಡಚಿದ ಮಸಾಲೆ ದೋಸೆ ತರಿಸಿ. ದುಂಡಗಿನ ತಟ್ಟೆ, ದುಂಡಗಿನ ಚಟ್ನಿ ಬಟ್ಟಲು, ನಡುವೆ ಆ ಒಂದೇ ಚೂಪು. ಸುತ್ತ ದುಂಡಗಿನದು ಇದ್ದರೆ ಚೂಪು ಎದ್ದು ಕಾಣುತ್ತದೆ. ಬೇಗ ತೆಗೆಯಿರಿ, ತಣ್ಣಗಾದರೆ ಮಡಿಕೆ ಕುಸಿಯುತ್ತದೆ, ರುಚಿಯೂ ಹೋಗುತ್ತದೆ.

ಪ್ರಿಂಟ್ ಹಾಕಿಸುವಾಗ ಒಂದು ನೆನಪಿರಲಿ. ಫೋಟೋ ಸುತ್ತ ಹಾಕುವ ರಟ್ಟು, ಅಂದರೆ ಮೌಂಟ್ ಬೋರ್ಡು, ಸ್ವಲ್ಪ ಅಂಚು ನುಂಗುತ್ತದೆ. ಕೋನದ ತುದಿ ಫ್ರೇಮಿಗೆ ತಾಗಿಕೊಂಡಿದ್ದರೆ ಆ ತುದಿಯೇ ಹೋಗುತ್ತದೆ. ಬೊಂಬಿಲ್ ಬಾಲಕ್ಕೂ ದೋಸೆಗೂ ಅರ್ಧ ಇಂಚು ಜಾಗ ಬಿಟ್ಟು ಕ್ರಾಪ್ ಮಾಡಿ. ಧೋಬಿ ಘಾಟಿನ ಹಗ್ಗ ಅಂಚಿನಿಂದ ಅಂಚಿಗೆ ಹೋಗುವುದರಿಂದ ಅದಕ್ಕೆ ಚಿಂತೆಯಿಲ್ಲ.