ಪ್ಲಸ್ ಟು ಮಗಳಿಗೆ ಕಿರ್ಚಾಫ್ ನಿಯಮಗಳನ್ನು ಮನೆಯಲ್ಲಿ ತೋರಿಸಿಕೊಡುವುದು ಹೇಗೆ?

ಪೆರ್ಲದಿಂದ ಪ್ರಶ್ನೆ: ನನ್ನ ಮಗಳು ಓಮ್ ನಿಯಮವನ್ನೂ ಕಿರ್ಚಾಫ್ ನಿಯಮಗಳನ್ನೂ ಬಾಯಿಪಾಠ ಒಪ್ಪಿಸುತ್ತಾಳೆ; ಲೆಕ್ಕ ಕೊಟ್ಟರೆ ಪ್ರವಾಹ ಯಾವುದು, ವೋಲ್ಟೇಜ್ ಯಾವುದು ಎಂದು ಗೊಂದಲಕ್ಕೆ ಬೀಳುತ್ತಾಳೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮುಳ್ಳೇರಿಯದ ಕೃಷಿಕರೊಬ್ಬರು: ನನಗೆ ಈ ನಿಯಮಗಳು ಅರ್ಥವಾದದ್ದು ಅಡಿಕೆ ತೋಟದಲ್ಲಿ. ಮನೆಯಿಂದ 100 ಮೀಟರ್ ದೂರದ ಕೆರೆಯ ಪಂಪು ಕಳೆದ ಕುಂಭ ಮಾಸದಲ್ಲಿ ಹೊರಡಲು ತಡವರಿಸುತ್ತಿತ್ತು, ಹೊರಟರೂ ಬಿಸಿಯಾಗಿ ನಿಲ್ಲುತ್ತಿತ್ತು. ದಾರಿಯಲ್ಲಿ ಕರೆಂಟು ಸೋರಿಹೋಗುತ್ತದೆ ಎಂದೇ ನಾನು ನಂಬಿದ್ದೆ. ವಯರಿಂಗಿನವರು ಬಂದು ಕ್ಲ್ಯಾಂಪ್ ಮೀಟರಿನಲ್ಲಿ (ತಂತಿಯನ್ನು ಕತ್ತರಿಸದೆ, ಸುತ್ತ ಹಿಡಿದು ಪ್ರವಾಹ ಅಳೆಯುವ ಮೀಟರು) ಅಳೆದಾಗ ಮನೆಯ ಬದಿಯಲ್ಲೂ ಕೆರೆಯ ಬದಿಯಲ್ಲೂ 10 ಆಂಪಿಯರೇ ಇತ್ತು. ಕವಲಿಲ್ಲದ ತಂತಿಯಲ್ಲಿ ಹೊಕ್ಕಷ್ಟೇ ಪ್ರವಾಹ ಹೊರಬರಬೇಕು. ಕವಲೊಡೆಯುವಲ್ಲಿಯೂ ಒಳಬಂದದ್ದರ ಮೊತ್ತ ಹೊರಹೋದದ್ದಕ್ಕೆ ಸಮ ಎನ್ನುವುದೇ ಕಿರ್ಚಾಫನ ಮೊದಲ ನಿಯಮ. ಕಡಿಮೆಯಾಗಿದ್ದದ್ದು ವೋಲ್ಟೇಜ್: ಮೋಟಾರು ಓಡುತ್ತಿರುವಾಗ ಮೈನ್ ಸ್ವಿಚ್ಚಿನಲ್ಲಿ 214, ಪಂಪಿನಲ್ಲಿ 191. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಹೋಗಿ ಬರುವ 200 ಮೀಟರಿನಲ್ಲಿ ಸುಮಾರು 1.5 ಓಮ್ ರೋಧವಿರುತ್ತದೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟೇಜ್ ಎನ್ನುವ ಓಮ್ ನಿಯಮದಂತೆ 15 ವೋಲ್ಟ್ ಅಲ್ಲಿ ಇಳಿಯಿತು. ಮಿಕ್ಕ 8 ವೋಲ್ಟಿಗೆ ಲೆಕ್ಕ ಸಿಗಲಿಲ್ಲ. ಒಂದು ಸುತ್ತಿನ ಇಳಿತಗಳನ್ನೆಲ್ಲ ಕೂಡಿಸಿದರೆ ಮೂಲದ ವೋಲ್ಟೇಜಿಗೆ ಸರಿಹೊಂದಲೇಬೇಕೆಂಬ ಎರಡನೆಯ ನಿಯಮವನ್ನು ನೆಚ್ಚಿ, ಸ್ವಿಚ್ಚು ಆರಿಸಿ ಲೈನನ್ನು ನೋಡುತ್ತ ಹೋದಾಗ, ಟೇಪು ಸುತ್ತಿದ್ದ ಒಂದು ಜಾಯಿಂಟು ಕರಕಲಾಗಿ, ಟೇಪು ಕರಗಿ ತಂತಿಗೆ ಅಂಟಿಕೊಂಡಿತ್ತು. ಬೆರಳುದ್ದದ ಆ ಜಾಗದಲ್ಲಿ 80 ವ್ಯಾಟ್ ಶಾಖವಾಗಿ ಹೋಗುತ್ತಿತ್ತು. ಮನೆಯ ಕರೆಂಟು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ಪ್ರವಾಹ (ಎ.ಸಿ.) ಆದ್ದರಿಂದ ಹೀಗೆ ನೇರವಾಗಿ ಕೂಡಿಸುವುದು ಅಂದಾಜಿನ ಲೆಕ್ಕವೇ, ಆದರೂ ಕೆಟ್ಟ ಜಾಗ ಹುಡುಕಲು ಅದು ಸಾಕಾಯಿತು. ಈಗ 6 ಚದರ ಮಿಲಿಮೀಟರಿನ ತಂತಿ ಎಳೆಸಿದ್ದೇನೆ. ಇಳಿತ 6 ವೋಲ್ಟಿನಷ್ಟು ಮಾತ್ರ.

ಕುಂಬಳೆಯ ನಿವೃತ್ತ ಅಧ್ಯಾಪಕಿಯೊಬ್ಬರು: ಮೇಲಿನವರ ಅನುಭವ ಬಹಳ ಬೆಲೆಯುಳ್ಳದ್ದು, ಆದರೆ ಮಗುವಿನ ಕೈಗೆ 230 ವೋಲ್ಟಿನ ಲೈನು ಖಂಡಿತ ಬೇಡ. 9 ವೋಲ್ಟಿನ ಬ್ಯಾಟರಿಗೆ 1 ಮತ್ತು 2 ಕಿಲೋ ಓಮಿನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ, ಮೀಟರು ಮುಟ್ಟಿಸುವ ಮೊದಲೇ ಉತ್ತರವನ್ನು ಬರೆಯಿಸಿರಿ. 3 ಮತ್ತು 6 ವೋಲ್ಟ್ ಬರುವುದನ್ನು ಕಂಡರೆ ನಂಬಿಕೆ ತಾನಾಗಿ ಹುಟ್ಟುತ್ತದೆ. ಅವನ್ನೇ ಸಮಾಂತರವಾಗಿ ಜೋಡಿಸಿದರೆ ಕವಲುಗಳಲ್ಲಿ 9 ಮತ್ತು 4.5 ಮಿಲಿ ಆಂಪಿಯರ್, ಮುಖ್ಯ ತಂತಿಯಲ್ಲಿ 13.5. ನನ್ನ ಮಕ್ಕಳು ಹೆಚ್ಚು ಎಡವುತ್ತಿದ್ದುದು ಚಿಹ್ನೆಗಳಲ್ಲಿ: ಪ್ರವಾಹದ ದಿಕ್ಕನ್ನು ಮೊದಲೇ ಊಹಿಸಿ ಬಾಣ ಹಾಕಲಿ, ಉತ್ತರ ಋಣವಾಗಿ ಬಂದರೆ ಬಾಣವನ್ನು ತಿರುಗಿಸಿದರಾಯಿತು, ಲೆಕ್ಕ ತಪ್ಪಿತೆಂದು ಅಳಿಸಬಾರದು. 1845ರಲ್ಲಿ ಈ ನಿಯಮಗಳನ್ನು ಪ್ರಕಟಿಸುವಾಗ ಕಿರ್ಚಾಫ್ 21 ವರ್ಷದ ವಿದ್ಯಾರ್ಥಿಯಾಗಿದ್ದನೆಂಬುದನ್ನೂ ಅವಳಿಗೆ ಹೇಳಿರಿ.