ಗ್ರೇಟಿಂಗ್ ಕಪ್ಲರ್ ಇರುವ ಸಿಲಿಕಾನ್ ಚಿಪ್: 10 ಡಿಬಿ ಆಗಬೇಕಾದ ನಷ್ಟ 21 ಡಿಬಿ ಬರುತ್ತಿದೆ, ಎಲ್ಲಿ ಸೋರುತ್ತಿದೆ?

ಅಲೆದಾರಿ:

ನಮಸ್ಕಾರ. ಫೈಬರ್ ಬೆಳಕನ್ನು ಒಂದು ಗ್ರೇಟಿಂಗ್ ಕಪ್ಲರ್ (ಮೇಲಿನಿಂದ ಬಿದ್ದ ಬೆಳಕನ್ನು ಚಿಪ್ ಒಳಕ್ಕೆ ತಿರುಗಿಸುವ ಸಣ್ಣ ಗೆರೆಗಳ ಸಾಲು) ಮೂಲಕ ಒಳಬಿಟ್ಟು, ಇನ್ನೊಂದರಿಂದ ಹೊರತೆಗೆದು ನಷ್ಟ ಅಳೆಯುತ್ತಿದ್ದೇನೆ. ಚಿಪ್‌ನ ವಿವರ ಹೀಗಿದೆ: ಸಿಲಿಕಾನ್ ದಪ್ಪ 220 ನ್ಯಾ.ಮೀ., ಕೆಳಗೆ 2 ಮೈಕ್ರಾನ್ ಆಕ್ಸೈಡ್, ಮೇಲಿನ ಹೊದಿಕೆಯೂ 2 ಮೈಕ್ರಾನ್ ಆಕ್ಸೈಡ್. ವೇವ್‌ಗೈಡ್ (ಬೆಳಕು ಹರಿಯುವ ಸಿಲಿಕಾನ್ ದಾರಿ) ಅಗಲ 450 ನ್ಯಾ.ಮೀ., ಒಂದು ಗ್ರೇಟಿಂಗ್‌ನಿಂದ ಇನ್ನೊಂದಕ್ಕೆ 4 ಮಿ.ಮೀ. ಉದ್ದ. ಗ್ರೇಟಿಂಗ್ ಪಿಚ್ (ಗೆರೆಯಿಂದ ಗೆರೆಗೆ ದೂರ) 630 ನ್ಯಾ.ಮೀ., ಎಚ್ (ಗೆರೆ ಕೊರೆದ) ಆಳ 70 ನ್ಯಾ.ಮೀ., ಟಿಇ (ಒಂದು ಪೋಲರೈಸೇಷನ್, ಅಂದರೆ ಬೆಳಕಿನ ಕಂಪನದ ಒಂದು ದಿಕ್ಕು) ಮಾತ್ರ. ಫೌಂಡ್ರಿ (ಚಿಪ್ ತಯಾರಿಸಿದ ಕಾರ್ಖಾನೆ) ಕೊಟ್ಟ ಪಟ್ಟಿಯಲ್ಲಿ 1550 ನ್ಯಾ.ಮೀ.ನಲ್ಲಿ, 10 ಡಿಗ್ರಿ ಕೋನಕ್ಕೆ, ಕಪ್ಲರ್ ಒಂದಕ್ಕೆ 4.5 ಡಿಬಿ ನಷ್ಟ ಎಂದಿದೆ (ಡಿಬಿ ಎಂದರೆ ಡೆಸಿಬೆಲ್; 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ). 1 ಡಿಬಿ ಬ್ಯಾಂಡ್‌ವಿಡ್ತ್ (ಗರಿಷ್ಠಕ್ಕಿಂತ 1 ಡಿಬಿ ಒಳಗಿರುವ ತರಂಗಾಂತರದ ಹರವು) 40 ನ್ಯಾ.ಮೀ. ಆ 10 ಡಿಗ್ರಿ ಗಾಳಿಯಲ್ಲೋ ಆಕ್ಸೈಡ್ ಒಳಗೋ ಎಂದು ಬರೆದಿಲ್ಲ.

ಬಳಸುತ್ತಿರುವುದು 8 ಡಿಗ್ರಿ ಪಾಲಿಶ್ ಮಾಡಿದ ಫೈಬರ್ ಅರೇ (ಸಾಲಾಗಿ ಜೋಡಿಸಿದ ಫೈಬರ್ ತುದಿಗಳು), ಪಿಚ್ 250 ಮೈಕ್ರಾನ್. 1ನೇ ಚಾನೆಲ್‌ನಲ್ಲಿ ಒಳಗೆ, 4ನೇ ಚಾನೆಲ್‌ನಲ್ಲಿ ಹೊರಗೆ. ಚಿಪ್‌ಗೆ ತಾಗಿ ಗೀರು ಬೀಳಬಾರದೆಂದು ಅರೇಯನ್ನು ಸುಮಾರು 150 ಮೈಕ್ರಾನ್ ಮೇಲೆ ನಿಲ್ಲಿಸಿದ್ದೇನೆ. ಲೇಸರ್ 0 ಡಿಬಿಎಂ (1 ಮಿಲಿವ್ಯಾಟ್) ಕೊಟ್ಟರೆ 1550ರಲ್ಲಿ ಪವರ್ ಮೀಟರ್ -21 ಡಿಬಿಎಂ ತೋರಿಸುತ್ತದೆ. ಗರಿಷ್ಠ ಬಿಂದು 1550ರ ಬದಲು 1538ರಲ್ಲಿದೆ. ಅದರ ಮೇಲೆ 0.07 ನ್ಯಾ.ಮೀ.ಗೊಮ್ಮೆ ಬರುವ, ಸುಮಾರು 0.5 ಡಿಬಿ ಎತ್ತರದ ಸಣ್ಣ ಅಲೆಗಳು.

ಅದೇ ಚಿಪ್‌ನಲ್ಲಿ 10 ಮೈಕ್ರಾನ್ ತ್ರಿಜ್ಯದ ರಿಂಗ್ (ಕೆಲವು ತರಂಗಾಂತರಗಳ ಬೆಳಕನ್ನು ಒಳಗೆ ಹಿಡಿಯುವ ಉಂಗುರ ದಾರಿ) ಇದೆ. ಸಿಗ್ನಲ್ ಸಾಲದೆಂದು ಅದಕ್ಕೆ ಲೇಸರನ್ನು 10 ಡಿಬಿಎಂಗೆ ಏರಿಸಿದರೆ ಅದ್ದುಗಳು (ಆ ತರಂಗಾಂತರಗಳಲ್ಲಿ ಸಿಗ್ನಲ್ ಕುಸಿಯುವ ಗುಂಡಿಗಳು) ಬಲಕ್ಕೆ ವಾಲಿ, ಕೊನೆಯಲ್ಲಿ ಕಡಿದ ಹಾಗೆ ಮೇಲೆದ್ದು ಬಿಡುತ್ತವೆ. ಚಿಪ್ಪೇ ಕೆಟ್ಟಿದೆಯೇ?

ನಾರುಬೆಳಕು:

ಚಿಪ್ ಮೇಲೆ ತಪ್ಪು ಹೊರಿಸುವ ಮೊದಲು ಜಮಾ-ಖರ್ಚು ಬರೆಯಿರಿ. ಗ್ರೇಟಿಂಗ್ ಎರಡಕ್ಕೆ 9 ಡಿಬಿ. ವೇವ್‌ಗೈಡ್‌ಗೆ ಸೆಂ.ಮೀ.ಗೆ 2.5 ಡಿಬಿ ಹಿಡಿದರೆ 4 ಮಿ.ಮೀ.ಗೆ 1 ಡಿಬಿ. ಒಟ್ಟು 10. ಇನ್ನು 11 ಡಿಬಿಗೆ ಲೆಕ್ಕ ಸಿಗಬೇಕು.

ಎಲ್ಲರ ಕಣ್ಣು ಮೊದಲು ಹೋಗುವುದು 1538ರ ಮೇಲೆ, ಆದರೆ ದೊಡ್ಡ ಕಳ್ಳ ಅದಲ್ಲ. ಗರಿಷ್ಠದಿಂದ 20 ನ್ಯಾ.ಮೀ. ಆಚೆ 1 ಡಿಬಿ ಕಡಿಮೆಯಾಗುವ ಗುಡ್ಡದಲ್ಲಿ (ತರಂಗಾಂತರಕ್ಕೆ ಎದುರಾಗಿ ಕಪ್ಲರ್‌ನ ಗ್ರಾಫ್) 12 ನ್ಯಾ.ಮೀ. ಆಚೆ ನಿಂತರೆ ಹೋಗುವುದು 0.36 ಡಿಬಿ. ಎರಡು ಕಪ್ಲರ್ ಸೇರಿ 0.7.

ನಿಮ್ಮ ಕಳ್ಳ ಆ 150 ಮೈಕ್ರಾನ್. ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ನ ಮೋಡ್ ವ್ಯಾಸ 1550ರಲ್ಲಿ 10.4 ಮೈಕ್ರಾನ್, ಅಂದರೆ ತ್ರಿಜ್ಯ 5.2. ಇಷ್ಟು ಸಣ್ಣ ಚುಕ್ಕೆ ಗಾಳಿಗೆ ಬಿದ್ದ ಕೂಡಲೇ ಹರಡುತ್ತದೆ. ಅದರ ರೇಲಿ ದೂರ (ಚುಕ್ಕೆಯ ವಿಸ್ತೀರ್ಣ ದುಪ್ಪಟ್ಟಾಗುವ ದೂರ) ಬರೀ 55 ಮೈಕ್ರಾನ್. ಅಂತರವನ್ನು ರೇಲಿ ದೂರದ ಎರಡು ಪಟ್ಟಿನಿಂದ ಭಾಗಿಸಿ, ವರ್ಗ ಮಾಡಿ, 1 ಕೂಡಿಸಿ. ಕಪ್ಲಿಂಗ್ ಅಷ್ಟು ಪಟ್ಟು ಕುಗ್ಗುತ್ತದೆ. 20 ಮೈಕ್ರಾನ್‌ಗೆ ನಷ್ಟ 0.14 ಡಿಬಿ, 50ಕ್ಕೆ 0.8, ನಿಮ್ಮ 150ಕ್ಕೆ 4.6 ಡಿಬಿ. ಎರಡೂ ಕಡೆ ಸೇರಿ 9.2. ಈಗ ಕೂಡಿಸಿ: 10 + 0.7 + 9.2, ಹತ್ತಿರ ಹತ್ತಿರ 20. ಉಳಿದ 1 ಡಿಬಿ ಪೋಲರೈಸೇಷನ್‌ನಲ್ಲೋ ಅರೇ ತಿರುಚಿರುವುದರಲ್ಲೋ ಇದೆ.

ಅರೇ ಇಳಿಸುವಾಗ ಒಂದು ಮಾತು ನೆನಪಿರಲಿ. ಬೆಳಕು ನೆಟ್ಟಗೆ ಬೀಳುತ್ತಿಲ್ಲ, ಗಾಳಿಯಲ್ಲಿ 11.6 ಡಿಗ್ರಿ ಓರೆ. ಆದ್ದರಿಂದ 10 ಮೈಕ್ರಾನ್ ಇಳಿಸಿದರೆ ಚುಕ್ಕೆ ಪಕ್ಕಕ್ಕೆ 2 ಮೈಕ್ರಾನ್ ಸರಿಯುತ್ತದೆ. 2.5 ಮೈಕ್ರಾನ್ ಸರಿದರೆ ಕಪ್ಲರ್ ಒಂದಕ್ಕೆ 1 ಡಿಬಿ ಹೋಯಿತು. ಒಂದೇ ಸಲ 100 ಮೈಕ್ರಾನ್ ಇಳಿಸಿ ಸಿಗ್ನಲ್ ಸತ್ತೇ ಹೋಯಿತು ಎಂದು ಗಾಬರಿಯಾಗುವುದು ಇದೇ ಕಾರಣಕ್ಕೆ. 10 ಇಳಿಸಿ, ಗ್ರೇಟಿಂಗ್ ಉದ್ದದ ದಿಕ್ಕಿನಲ್ಲಿ ಮತ್ತೆ ಗರಿಷ್ಠ ಹುಡುಕಿ, ಮತ್ತೆ 10 ಇಳಿಸಿ.

ಅಂತರ ಅಳೆಯಲು ಪಕ್ಕದ ಕ್ಯಾಮೆರಾ ಸಾಕು. ಚಿಪ್ ಕನ್ನಡಿಯಂತಿರುವುದರಿಂದ ಅರೇ ಮತ್ತು ಅದರ ಪ್ರತಿಬಿಂಬ ಎರಡೂ ಕಾಣುತ್ತವೆ. ಅವೆರಡರ ನಡುವೆ ಕಾಣುವ ದೂರದ ಅರ್ಧವೇ ನಿಜವಾದ ಅಂತರ. ಅದಕ್ಕೂ ಮೊದಲು ಅರೇಯ ಮುಖ ಚಿಪ್‌ಗೆ ಸಮಾಂತರವಾಗಿದೆಯೇ ನೋಡಿ. 3 ಮಿ.ಮೀ. ಅಗಲದ ಅರೇ ಅರ್ಧ ಡಿಗ್ರಿ ಓರೆಯಾದರೂ ಒಂದು ಬದಿ ಇನ್ನೊಂದಕ್ಕಿಂತ 26 ಮೈಕ್ರಾನ್ ಕೆಳಗಿರುತ್ತದೆ, 20 ಮೈಕ್ರಾನ್‌ಗೆ ತರುವಷ್ಟರಲ್ಲಿ ಆ ಮೂಲೆ ಚಿಪ್ಪನ್ನು ಕೆರೆದಾಗಿರುತ್ತದೆ. ಗೀರು ಬೀಳುವುದು ಬಹುಪಾಲು ಹೀಗೆ, ಹತ್ತಿರ ತಂದಿದ್ದಕ್ಕಲ್ಲ.

ಅಂಟು_ಅಳತೆ:

ಕೋನದ ಗೊಂದಲ ಬಿಡಿಸುತ್ತೇನೆ. 8 ಡಿಗ್ರಿ ಅರೇಯ ಮುಖ ಚಿಪ್‌ಗೆ ಸಮಾಂತರವಾಗಿ ಕೂತಾಗ ಗಾಜಿನೊಳಗೆ ಕೋನ 8, ಗಾಳಿಯಲ್ಲಿ 11.6, ಆಕ್ಸೈಡ್ ಒಳಗೆ ಮತ್ತೆ 8. ಅದೇ ನೇರವಾಗಿ ಕತ್ತರಿಸಿದ ಬಿಡಿ ಫೈಬರನ್ನು ಗಾಳಿಯಲ್ಲಿ 10 ಡಿಗ್ರಿಗೆ ಹಿಡಿದರೆ ಆಕ್ಸೈಡ್ ಒಳಗೆ 6.9 ಮಾತ್ರ. ಈ ಗ್ರೇಟಿಂಗ್‌ಗೆ ಗಾಳಿಯ ಕೋನ 1 ಡಿಗ್ರಿ ಹೆಚ್ಚಿದರೆ ಗರಿಷ್ಠ ಬಿಂದು ಸುಮಾರು 7 ನ್ಯಾ.ಮೀ. ಕಿರಿದರ ಕಡೆ ಸರಿಯುತ್ತದೆ. 10ರಿಂದ 11.6ಕ್ಕೆ ಹೋದರೆ 11ರಿಂದ 12 ನ್ಯಾ.ಮೀ.; ನಿಮಗೆ ಸಿಕ್ಕಿದ್ದೂ 12. ಅಂದರೆ ಪಟ್ಟಿಯ 10 ಡಿಗ್ರಿ ಗಾಳಿಯದ್ದು. ಆಕ್ಸೈಡ್ ಒಳಗಿನದ್ದಾಗಿದ್ದರೆ ಗುಡ್ಡ ಎದುರು ದಿಕ್ಕಿಗೆ, 1570ರ ಆಸುಪಾಸಿಗೆ ಹೋಗಬೇಕಿತ್ತು. ಎಚ್ ಆಳ ಕೆಲವೇ ನ್ಯಾ.ಮೀ. ಏರುಪೇರಾದರೂ ಗುಡ್ಡ ಹೀಗೆಯೇ ಸರಿಯುತ್ತದೆ, ಆದರೆ ಕೋನವೇ ಪೂರ್ತಿ ಲೆಕ್ಕ ಒಪ್ಪಿಸುತ್ತಿರುವಾಗ ಎಚ್ಚನ್ನು ದೂರುವುದು ಬೇಡ.

ಮುಂದೆ ಅಂಟು ಹಾಕುವ ಯೋಚನೆ ಇದ್ದರೆ ನಿಮ್ಮ ಅರೇ ಒಳ್ಳೆಯ ಆಯ್ಕೆ. ಗಾಳಿಯ ಜಾಗಕ್ಕೆ ವಕ್ರೀಭವನ ಸೂಚ್ಯಂಕ 1.44ರ ಆಸುಪಾಸಿನ ಯುವಿ ಅಂಟು (ಅತಿನೇರಳೆ ಬೆಳಕಿಗೆ ಗಟ್ಟಿಯಾಗುವಂಥದ್ದು) ಬಂದರೂ ಆಕ್ಸೈಡ್ ಒಳಗಿನ ಕೋನ 8 ಆಗಿಯೇ ಉಳಿಯುತ್ತದೆ, ಗುಡ್ಡ ಕದಲುವುದಿಲ್ಲ. ಬಿಡಿ ಫೈಬರನ್ನು 10 ಡಿಗ್ರಿಗೆ ಹಿಡಿದು ಅಂಟಿಸಿದವರ ಪಾಡು ಬೇರೆ. ಅಂಟು ತುಂಬಿದ ಕ್ಷಣ ಆಕ್ಸೈಡ್ ಒಳಗಿನ ಕೋನ 6.9ರಿಂದ 10ಕ್ಕೆ ಜಿಗಿದು ಗುಡ್ಡ 30 ನ್ಯಾ.ಮೀ.ಗಿಂತ ಹೆಚ್ಚು ಓಡಿಹೋಗುತ್ತದೆ, ಸಿ ಬ್ಯಾಂಡ್ (1530ರಿಂದ 1565 ನ್ಯಾ.ಮೀ.) ಅರ್ಧಕ್ಕರ್ಧ ಕೈಬಿಟ್ಟಂತೆ. ಯುವಿಯನ್ನು ಒಮ್ಮೆಲೇ ಪೂರ್ತಿ ಕೊಡಬೇಡಿ. ಗಟ್ಟಿಯಾಗುವಾಗ ಅಂಟು ಕುಗ್ಗಿ ಅರೇಯನ್ನು ಎಳೆಯುತ್ತದೆ. ಸ್ವಲ್ಪ ಸ್ವಲ್ಪ ಕೊಟ್ಟು, ನಡುನಡುವೆ ಪವರ್ ಮೀಟರ್ ನೋಡಿ ಸ್ಟೇಜ್ (ಅರೇಯನ್ನು ಹಿಡಿದು ಸರಿಸುವ ಉಪಕರಣ) ಸರಿಪಡಿಸಿಕೊಳ್ಳಿ.

ಇನ್ನೊಂದು: 1 ಮತ್ತು 4ನೇ ಚಾನೆಲ್ ನಡುವೆ 750 ಮೈಕ್ರಾನ್ ಇದೆ. ಅರೇ ಮೇಲಿನಿಂದ ನೋಡಿದಾಗ ಅರ್ಧ ಡಿಗ್ರಿ ತಿರುಗಿದ್ದರೆ ಎರಡು ತುದಿಗಳ ನಡುವೆ 6.5 ಮೈಕ್ರಾನ್ ವ್ಯತ್ಯಾಸ. ಗರಿಷ್ಠ ಹುಡುಕುವ ಸ್ಟೇಜ್ ಅದನ್ನು ಎರಡೂ ಕಡೆಗೆ ಹಂಚಿ, ಅತ್ತ 3.3 ಇತ್ತ 3.3 ಮಾಡಿ ನಿಲ್ಲುತ್ತದೆ. ಮೀಟರ್ ನೋಡಿದರೆ ಗರಿಷ್ಠವೇ, ಆದರೂ ಒಟ್ಟು 3.4 ಡಿಬಿ ಹೋಗಿರುತ್ತದೆ. ಮುಂದಿನ ಲೇಔಟ್‌ನಲ್ಲಿ ಅರೇಯ ಮೊದಲ ಮತ್ತು ಕೊನೆಯ ಚಾನೆಲ್‌ಗೆ ಒಂದು ಲೂಪ್‌ಬ್ಯಾಕ್ (ಒಂದರಿಂದ ಒಳಹೋದ ಬೆಳಕು ಇನ್ನೊಂದಕ್ಕೆ ನೇರ ಮರಳುವ ದಾರಿ) ಇಡಿ. ತಿರುಗುವಿಕೆ ಸರಿಮಾಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಗಂಟುಮುಖ:

ಸೆಂ.ಮೀ.ಗೆ 2.5 ಡಿಬಿ ಎಂದು ಹಿಡಿದೇಬಿಟ್ಟರಲ್ಲ! ಒಂದೇ ಉದ್ದದ ವೇವ್‌ಗೈಡ್‌ನಿಂದ ಕಪ್ಲರ್ ನಷ್ಟ ಎಷ್ಟು, ಗೈಡ್ ನಷ್ಟ ಎಷ್ಟು ಎಂದು ಬೇರ್ಪಡಿಸಲಾಗದು. 1, 2, 4 ಸೆಂ.ಮೀ. ಸುರುಳಿಗಳು ಬೇಕು, ಒಂದೇ ಬಗೆಯ ಗ್ರೇಟಿಂಗ್ ಮತ್ತು ಅಷ್ಟೇ ಸಂಖ್ಯೆಯ ತಿರುವುಗಳೊಂದಿಗೆ. ಉದ್ದಕ್ಕೆ ಎದುರಾಗಿ ಡಿಬಿ ಗುರುತಿಸಿ ಗೆರೆ ಎಳೆದರೆ ಇಳಿಜಾರು ಗೈಡ್‌ನದ್ದು, ಶೂನ್ಯ ಉದ್ದದಲ್ಲಿ ಉಳಿದದ್ದು ಎರಡು ಕಪ್ಲರ್‌ಗಳದ್ದು. ಜೋಡಣೆಯೇ ಪ್ರತಿ ಸಲ 0.5 ಡಿಬಿ ಹೆಚ್ಚುಕಡಿಮೆ ಬರುತ್ತಿರುವಾಗ 4 ಮಿ.ಮೀ.ನ 1 ಡಿಬಿಯನ್ನು ನಂಬಿ ಕೂರುವುದು ಹೇಗೆ?

ನಾರುಬೆಳಕು:

ಒಪ್ಪಿದೆ. ಆದರೆ 4 ಮಿ.ಮೀ.ಯಲ್ಲಿ ಗೈಡ್ ನಷ್ಟ ದುಪ್ಪಟ್ಟೇ ಇರಲಿ, ಬದಲಾಗುವುದು 1 ಡಿಬಿ. ಹುಡುಕುತ್ತಿರುವುದು 11.

ಅಲೆದಾರಿ:

10-10 ಇಳಿಸುತ್ತಾ 20 ಮೈಕ್ರಾನ್‌ಗೆ ತಂದೆ. 1550ರಲ್ಲಿ -12.4 ಡಿಬಿಎಂ. ಪೋಲರೈಸೇಷನ್ ಪ್ಯಾಡಲ್‌ಗಳನ್ನು ಮತ್ತೆ ತಿರುಗಿಸಿದ ಮೇಲೆ -11.3. ಗುಡ್ಡ 1538ರಲ್ಲೇ ಇದೆ, 0.07ರ ಅಲೆಯೂ ಹಾಗೇ ಇದೆ. ರಿಂಗ್‌ನ ಅದ್ದು ಮಾತ್ರ ಮೊದಲಿಗಿಂತ ಜಾಸ್ತಿ ವಾಲುತ್ತಿದೆ! ಒಂದೆರಡು ಅದ್ದುಗಳು ಸೀಳಿದಂತೆಯೂ ಕಾಣುತ್ತಿವೆ.

ಉಂಗುರ_ಲೆಕ್ಕ:

ವಾಲುವುದು ಜಾಸ್ತಿಯಾಗಲೇಬೇಕು. ಮೊದಲು 10 ಡಿಬಿಎಂನಲ್ಲಿ 21 ಡಿಬಿಯ ಸುಮಾರು ಅರ್ಧ ನಷ್ಟ ಒಳಬರುವಾಗಲೇ ಆಗಿ ಗೈಡ್ ಒಳಗೆ 1 ಮಿಲಿವ್ಯಾಟ್ ಹೋಗುತ್ತಿತ್ತು. ಈಗ 3 ಮಿಲಿವ್ಯಾಟ್ ಹತ್ತಿರ. ರಿಂಗ್ ಒಳಗೆ ಬೆಳಕು ಹಲವು ಪಟ್ಟು ಕೂಡಿಕೊಳ್ಳುತ್ತದೆ, ಸಿಲಿಕಾನ್ ಅದರಲ್ಲಿ ಸ್ವಲ್ಪವನ್ನು ಹೀರಿ ಬಿಸಿಯಾಗುತ್ತದೆ, ಅನುರಣನ ಉದ್ದ ತರಂಗಾಂತರದ ಕಡೆ ಸರಿಯುತ್ತದೆ. ಲೇಸರ್ ಬಲಕ್ಕೆ ಹೋದಂತೆ ಅದ್ದೂ ಅದರ ಹಿಂದೆಯೇ ಓಡುತ್ತದೆ, ಒಂದು ಹಂತದಲ್ಲಿ ಕೈ ತಪ್ಪಿ ಹಿಂದಕ್ಕೆ ಜಿಗಿಯುತ್ತದೆ. ಕಡಿದಂತೆ ಕಾಣುವುದು ಆ ಜಿಗಿತ. ದೃಢಪಡಿಸಿಕೊಳ್ಳಲು ಲೇಸರನ್ನು ಬಲದಿಂದ ಎಡಕ್ಕೂ ಓಡಿಸಿ. ಎರಡು ದಿಕ್ಕಿನ ಆಕಾರ ಬೇರೆಯಾದರೆ ಬಿಸಿಯದ್ದೇ ಕೆಲಸ. ಈಗ ಜೋಡಣೆ ಸರಿಯಾಗಿರುವುದರಿಂದ ಹೆಚ್ಚು ಪವರ್ ಬೇಕಾಗಿಯೂ ಇಲ್ಲ. -10 ಡಿಬಿಎಂಗೆ ಇಳಿಸಿ. ಇನ್ನೂ 3 ಡಿಬಿ ಇಳಿಸಿದಾಗ ಅದ್ದು ಇದ್ದಲ್ಲೇ ಇದ್ದರೆ ಆ ಅಳತೆ ನಂಬಬಹುದು.

ಅಲೆಯ ವಿಷಯ. ಅಲೆಯ ಅವಧಿ ನೋಡಿದರೆ ಕನ್ನಡಿಗಳು ಎಲ್ಲಿವೆ ಎಂಬುದು ಗೊತ್ತಾಗುತ್ತದೆ. ತರಂಗಾಂತರದ ವರ್ಗವನ್ನು ಅವಧಿ ಮತ್ತು ಗ್ರೂಪ್ ಇಂಡೆಕ್ಸ್‌ನ (ಗೈಡ್ ಒಳಗೆ ಬೆಳಕಿನ ಸ್ಪಂದ ಎಷ್ಟು ಪಟ್ಟು ನಿಧಾನ ಎಂಬ ಸಂಖ್ಯೆ) ಎರಡು ಪಟ್ಟು, ಇವುಗಳ ಗುಣಲಬ್ಧದಿಂದ ಭಾಗಿಸಿ. 450 ಅಗಲದ ಗೈಡ್‌ಗೆ ಗ್ರೂಪ್ ಇಂಡೆಕ್ಸ್ 4.2 ಹಿಡಿದರೆ, 0.07 ನ್ಯಾ.ಮೀ.ಗೆ ಸಿಗುವುದು 4 ಮಿ.ಮೀ. ನಿಮ್ಮ ಎರಡು ಗ್ರೇಟಿಂಗ್‌ಗಳ ನಡುವಿನ ದೂರವೇ ಅದು. ಬೆಳಕಿನ 3-4% ಭಾಗವನ್ನು ಪ್ರತಿ ಗ್ರೇಟಿಂಗ್ ಗೈಡ್‌ಗೇ ವಾಪಸ್ ಕಳಿಸುತ್ತಿದೆ, 0.5 ಡಿಬಿ ಎತ್ತರಕ್ಕೆ ಅಷ್ಟು ಸಾಕು. ಹಾಗಾಗಿ ಅರೇ ಇಳಿಸಿದರೂ ಅದು ಕದಲಲಿಲ್ಲ. ಫೈಬರ್ ಮುಖ ಮತ್ತು ಚಿಪ್ ನಡುವಿನ 20 ಮೈಕ್ರಾನ್ ಗಾಳಿಯಲ್ಲಿ ಅಲೆ ಎದ್ದರೆ ಅದರ ಅವಧಿ 60 ನ್ಯಾ.ಮೀ.; ಅದು ಅಲೆಯಂತೆ ಕಾಣುವುದೇ ಇಲ್ಲ, ಗುಡ್ಡವೇ ಸೊಟ್ಟಗಾದಂತೆ ಕಾಣುತ್ತದೆ. ಇನ್ನು 1 ಮೀಟರ್ ಪ್ಯಾಚ್‌ಕಾರ್ಡ್‌ನ ಎರಡು ತುದಿಯಲ್ಲೂ ನೇರ ಮುಖದ ನೀಲಿ ಕನೆಕ್ಟರ್ ಇದ್ದರೆ ಅವಧಿ 0.8 ಪಿಕೋಮೀಟರ್. 10 ಪಿಕೋಮೀಟರ್ ಹೆಜ್ಜೆಯ ಸ್ವೀಪ್‌ಗೆ ಅದು ಸಿಗದೆ ಬರೀ ಗಲೀಜಿನಂತೆ ಕಾಣುತ್ತದೆ. ಓರೆ ಮುಖದ ಹಸಿರು ಕನೆಕ್ಟರ್ ಬಳಸಿ. ಹಸಿರಿಗೆ ನೀಲಿ ಮಾತ್ರ ಸೇರಿಸಬೇಡಿ, ಮುಖಗಳು ಕೂರದೆ ನಷ್ಟವೂ ಆಗುತ್ತದೆ, ತುದಿಯೂ ಹಾಳಾಗುತ್ತದೆ.

ಸೀಳಿದ ಅದ್ದಿಗೆ ಇದೇ ಕಾರಣ ಇರಬಹುದು. ಕ್ಯೂ (ಅದ್ದು ಎಷ್ಟು ಚೂಪು ಎಂಬುದರ ಅಳತೆ; ತರಂಗಾಂತರವನ್ನು ಅದ್ದಿನ ಅಗಲದಿಂದ ಭಾಗಿಸಿದ್ದು) 20,000 ಇರುವ ರಿಂಗ್‌ನ ಅದ್ದಿನ ಅಗಲ 77 ಪಿಕೋಮೀಟರ್. ನಿಮ್ಮ ಅಲೆಯದ್ದು 70. ಎರಡೂ ಒಂದರ ಮೇಲೊಂದು ಬಿದ್ದರೆ ಒಂದು ಅದ್ದು ಎರಡಾದಂತೆ ಕಾಣದೆ ಇರುತ್ತದೆಯೇ? ನಿಜವಾಗಿ ಸೀಳಿದ್ದರೆ, ಅಂದರೆ ಗೋಡೆಯ ಒರಟಿನಿಂದ ಎಡಸುತ್ತು ಬಲಸುತ್ತು ಬೆಳಕು ಒಂದಕ್ಕೊಂದು ಬೆರೆತಿದ್ದರೆ, ಅದು ಅದ್ದುಗಳಲ್ಲಿ ಮಾತ್ರ ಕಾಣಬೇಕು, ಪ್ರತಿ ಅದ್ದಿನಲ್ಲೂ ಬೇರೆ ಬೇರೆ ಅಳತೆಯಲ್ಲಿರಬೇಕು. ಅದ್ದುಗಳು 9.1 ನ್ಯಾ.ಮೀ.ಗೊಮ್ಮೆ ಬರಬೇಕು, 10 ಮೈಕ್ರಾನ್ ತ್ರಿಜ್ಯಕ್ಕೆ ಲೆಕ್ಕ ಅದೇ. ಹೆಜ್ಜೆಯನ್ನು 1 ಪಿಕೋಮೀಟರ್‌ಗೆ ಇಳಿಸಿ, ಪ್ರತಿ ಅದ್ದಿನ ಸುತ್ತ 1 ನ್ಯಾ.ಮೀ. ಮಾತ್ರ ಸ್ವೀಪ್ ಮಾಡಿದರೆ ಸಾಕು. ಅಲೆಯನ್ನು ಅಳಿಸಲು ಸರಾಸರಿ ತೆಗೆಯುವ ಅಭ್ಯಾಸ ಗುಡ್ಡಕ್ಕೆ ಸರಿ, ಅದ್ದಿಗೆ ಬೇಡ. ಅಲೆಯ ಜೊತೆ ಅದ್ದೂ ಕರಗಿಹೋಗುತ್ತದೆ.

ತಾಪ ಹಿಡಿದಿಡುವ ಸ್ಟೇಜ್ ಇಲ್ಲದಿದ್ದರೆ ಇದೆಲ್ಲ ಮಾಡಿ ಪ್ರಯೋಜನವಿಲ್ಲ. 1 ಡಿಗ್ರಿ ಸೆಲ್ಸಿಯಸ್‌ಗೆ ಈ ರಿಂಗ್ 70ರಿಂದ 80 ಪಿಕೋಮೀಟರ್ ಸರಿಯುತ್ತದೆ, ಅಂದರೆ ಪೂರ್ತಿ ಒಂದು ಅದ್ದಿನ ಅಗಲ. 0.1 ಡಿಗ್ರಿ ಒಳಗೆ ಹಿಡಿಯಿರಿ, ಎ.ಸಿ. ಗಾಳಿ ನೇರ ಚಿಪ್ ಮೇಲೆ ಬೀಸದಂತೆ ಒಂದು ಅಕ್ರಿಲಿಕ್ ಡಬ್ಬಿ ಮುಚ್ಚಿ.

ಅಲೆದಾರಿ:

-10ಕ್ಕೆ ಇಳಿಸಿದ ಮೇಲೆ ಎರಡು ದಿಕ್ಕಿನ ಸ್ವೀಪೂ ಒಂದರ ಮೇಲೊಂದು ಕೂರುತ್ತಿವೆ. ಹೆಜ್ಜೆ 1 ಪಿಕೋಮೀಟರ್ ಮಾಡಿದರೆ 1547ರ ಹತ್ತಿರದ ಅದ್ದು ಮಾತ್ರ ಇನ್ನೂ ಸೀಳಿದೆ, ಅಂತರ ಅಲೆಯ ಅವಧಿಗೆ ಹೊಂದುತ್ತಿಲ್ಲ. ಉಳಿದವು ಒಂದೊಂದೇ. ಇದನ್ನು ಒರಟಿನ ಲೆಕ್ಕಕ್ಕೆ ಹಾಕಲೇ?

ಉಂಗುರ_ಲೆಕ್ಕ:

ಅಲೆಯ 70 ಅಲ್ಲವೆಂದಾದರೆ ಹಾಕಿ. ಎರಡು ಅದ್ದಿನ ಮಾದರಿಗೆ ಹೊಂದಿಸಿ ಒಂದೊಂದರ ಅಗಲ ಬೇರೆ ತೆಗೆದ ಮೇಲೆ ಕ್ಯೂ ಬರೆಯಿರಿ. ಎರಡನ್ನೂ ಸೇರಿಸಿ ಅಳೆದರೆ ಕ್ಯೂ ಕಡಿಮೆ ಬಂದು, ಇಲ್ಲದ ಗೈಡ್ ನಷ್ಟವನ್ನು ಮತ್ತೆ ಹುಡುಕಲು ಹೊರಡುತ್ತೀರಿ.