ಗಿಟಾರ್ ಜೊತೆ ಮೌತ್ ಆರ್ಗನ್: ಕುತ್ತಿಗೆ ಹೋಲ್ಡರ್ ಜೋತು ಬೀಳುತ್ತೆ, ಒಂದು ಸ್ವರ ಗರ್ ಅನ್ನುತ್ತೆ

ಆರುತಂತಿ ಕೇಳಿದ್ದು:

ಅಕೂಸ್ಟಿಕ್ ಗಿಟಾರ್ ನುಡಿಸ್ತಾ ಹಾಡ್ತೀನಿ. ಚರಣಗಳ ನಡುವೆ ಮೌತ್ ಆರ್ಗನ್ ಸೇರಿಸಬೇಕು ಅಂತ ಕುತ್ತಿಗೆಗೆ ಹಾಕೋ ಅಗ್ಗದ ಹೋಲ್ಡರ್ ಒಂದನ್ನ ತರಿಸಿದೆ. ಎರಡು ಕಡೆ ವಿಂಗ್ ನಟ್, ಸ್ಪ್ರಿಂಗ್ ಇರೋ ಎರಡು ಪಟ್ಟಿ, ಅಷ್ಟೇ. ನನ್ನ ಹತ್ರ ಇರೋ ಮೌತ್ ಆರ್ಗನ್ (ಹಾರ್ಪ್ ಅಂತಲೂ ಅಂತಾರೆ) ಎರಡು: 10 ತೂತಿನ ಸಿ ಡಯಾಟೋನಿಕ್ (ಒಂದೇ ಸ್ಕೇಲಿನ ಸ್ವರಗಳಿರೋದು) ಮತ್ತು 24 ತೂತಿನ ಟ್ರೆಮೊಲೊ (ಜೋಡಿ ರೀಡ್‌ಗಳಿಂದ ದನಿ ಅಲೆಯಾಡೋದು).

ತೊಂದರೆಗಳು ಹೀಗಿವೆ. ಎರಡನೇ ಹಾಡಿನ ಹೊತ್ತಿಗೆ ಹಾರ್ಪ್ ಜೋತು ಬಿದ್ದು ಗಲ್ಲದ ಕೆಳಗೆ ಹೋಗಿರುತ್ತೆ. ನಟ್ ಎಷ್ಟು ಬಿಗಿ ಮಾಡಿದ್ರೂ ಅಷ್ಟೇ, ಅದೂ ಒಂದೇ ಕಡೆಯ ನಟ್ ಸಡಿಲ ಆಗುತ್ತೆ. ಹೋಲ್ಡರ್‌ಗೆ ಹಾಕಿದಾಗ 2ನೇ ತೂತಲ್ಲಿ ಉಸಿರು ಎಳೆದ್ರೆ ಗರ್ ಅನ್ನುತ್ತೆ, ಕೈಯಲ್ಲಿ ಹಿಡಿದ್ರೆ ಸರಿಯಾಗಿದೆ. ಟ್ರೆಮೊಲೊ ಅಂತೂ ಕೂರೋದೇ ಇಲ್ಲ. ಇದನ್ನೇ ರಿಪೇರಿ ಮಾಡ್ಲಾ, ಬೇರೆ ತಗೊಳ್ಳಲಾ? ಇನ್ನೊಂದು: ಗಿಟಾರಿಗೆ ಕೇಪೋ (ತಂತಿಗಳನ್ನೆಲ್ಲ ಒಂದು ಫ್ರೆಟ್ಟಲ್ಲಿ ಒತ್ತಿ ಸ್ಕೇಲ್ ಏರಿಸೋ ಕ್ಲಿಪ್) ಹಾಕಿದಾಗ ಯಾವ ಸ್ಕೇಲಿನ ಹಾರ್ಪ್ ಬೇಕು ಅನ್ನೋದೂ ಗೊಂದಲ.

ರೀಡ್‌ಪ್ಲೇಟ್ ಉತ್ತರ:

ಮೊದಲು ಗರ್ ಸದ್ದು, ಯಾಕಂದ್ರೆ ಅದನ್ನ ಬಿಟ್ರೆ ಹಾರ್ಪ್ ಹಾಳಾಗುತ್ತೆ.

ಡಯಾಟೋನಿಕ್‌ನಲ್ಲಿ ಊದೋ ರೀಡ್‌ಗಳು (ಗಾಳಿಗೆ ಕಂಪಿಸಿ ಸ್ವರ ಕೊಡೋ ತೆಳು ಲೋಹದ ನಾಲಿಗೆಗಳು) ಮೇಲಿನ ಪ್ಲೇಟಿನ ಒಳಮುಖಕ್ಕೆ, ಅಂದ್ರೆ ಗಾಳಿಗೂಡಿನೊಳಗೆ ಇರುತ್ತವೆ. ಎಳೆಯೋ ರೀಡ್‌ಗಳು ಕೆಳಗಿನ ಪ್ಲೇಟಿನ ಹೊರಮುಖಕ್ಕಿವೆ, ಅವಕ್ಕೂ ಕೆಳಗಿನ ಕವರಿಗೂ ನಡುವೆ ಜಾಗ ತೀರ ಕಡಿಮೆ. ಸ್ಪ್ರಿಂಗ್ ಪಟ್ಟಿ ಕವರಿನ ಮಧ್ಯಭಾಗವನ್ನ ಒತ್ತಿದ್ರೆ ತಗಡು ಒಳಗೆ ಬಗ್ಗಿ ರೀಡಿಗೆ ತಾಗುತ್ತೆ. ಎಡಗಡೆಯ ಮಂದ್ರದ ರೀಡ್‌ಗಳು ಉದ್ದ, ಹೆಚ್ಚು ತೂಗಾಡ್ತವೆ, ಹಾಗಾಗಿ 1, 2, 3ರಲ್ಲೇ ಮೊದಲು ಗರ್ ಅನ್ನೋದು. ಕೈಯಲ್ಲಿ ಸರಿಯಾಗಿದೆ ಅಂದ್ರೆ ಕವರ್ ಇನ್ನೂ ಶಾಶ್ವತವಾಗಿ ಬಗ್ಗಿಲ್ಲ, ಬಚಾವ್.

ಪಟ್ಟಿ ಕವರಿನ ಹಿಂಬದಿ ಅಂಚಿನ ಹತ್ರ ಕಚ್ಚಬೇಕು. ಅಲ್ಲಿ ತಗಡು ಮಡಚಿರೋದ್ರಿಂದ ಗಟ್ಟಿ. ಹಾರ್ಪನ್ನ ನಿಮ್ಮ ಕಡೆಗೆ ಅರ್ಧ ಸೆಂಟಿಮೀಟರ್ ಮುಂದೆ ಎಳೆದು ಕೂರಿಸಿ ನೋಡಿ, ಬಹಳ ಸಲ ಇಷ್ಟರಲ್ಲೇ ಮುಗಿಯುತ್ತೆ. ಇದರಿಂದ ಇನ್ನೊಂದು ಲಾಭ ಅಂದ್ರೆ ಪಟ್ಟಿಯ ಅಂಚು ತುಟಿಗೆ ಅಡ್ಡ ಬರಲ್ಲ. ಪಟ್ಟಿ ಮುಂದಿದ್ರೆ ತುಟಿ ಮೇಲ್ಮೇಲೆ ಮಾತ್ರ ಕೂತು ಗಾಳಿ ಸೋರುತ್ತೆ, ಸ್ವರ ಸಪ್ಪೆ ಆಗುತ್ತೆ.

ಈಗ ಜೋತು ಬೀಳೋದು. ಆಡ್ತಾ ಆಡ್ತಾ ಗಲ್ಲ, ತುಟಿ ಹಾರ್ಪನ್ನ ಕೆಳಗೆ ಒತ್ತುತ್ತವೆ. ಹಾರ್ಪ್ ಕಚ್ಚಿರೋ ಹಿಡಿಕೆ ಎರಡೂ ಬೋಲ್ಟಿನ ಮೇಲೆ ಒಂದೇ ದಿಕ್ಕಿಗೆ ತಿರುಗುತ್ತೆ. ಆದ್ರೆ ಎರಡು ಬೋಲ್ಟ್ ಎದುರುಬದುರು ಮುಖ ಮಾಡಿವೆ, ಎರಡರದ್ದೂ ಸಾಮಾನ್ಯ ಬಲತಿರುಪು. ಆ ತಿರುಗುವಿಕೆ ಒಂದು ಕಡೆ ನಟ್ಟನ್ನ ಬಿಗಿ ಮಾಡುತ್ತೆ, ಇನ್ನೊಂದು ಕಡೆ ಬಿಚ್ಚುತ್ತೆ. ನಿಮಗೆ ಒಂದೇ ನಟ್ ಸಡಿಲ ಆಗೋದು ಇದಕ್ಕೇ. ಇಕ್ಕಳದಲ್ಲಿ ಬಿಗಿ ಮಾಡ್ಬೇಡಿ, ತಿರುಪು ತಿಂದುಹೋಗುತ್ತೆ ಇಲ್ಲಾ ನಟ್ಟಿನ ರೆಕ್ಕೆ ಮುರಿಯುತ್ತೆ.

ಬೋಲ್ಟ್ ಬಿಚ್ಚಿ ಹಾರ್ಡ್‌ವೇರ್ ಅಂಗಡಿಗೆ ತಗೊಂಡು ಹೋಗಿ, ಅದಕ್ಕೆ ಕೂರೋ ಹಲ್ಲಿನ ವಾಷರ್ ಎರಡು ತನ್ನಿ. ಅದು ನಟ್ಟಿಗೂ ಕುತ್ತಿಗೆ ಕಂಬಿಗೂ ನಡುವೆ ಹೋಗಬೇಕು. ಹಿಡಿಕೆಗೂ ಕಂಬಿಗೂ ನಡುವೆ ಹಳೇ ಸೈಕಲ್ ಟ್ಯೂಬಿನಿಂದ ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ ಕತ್ತರಿಸಿ, ಮಧ್ಯೆ ತೂತು ಮಾಡಿ ಹಾಕಿ, ಎರಡೂ ಕಡೆ ಒಂದೊಂದು. ಲೋಹಕ್ಕೆ ಲೋಹ ಉಜ್ಜಿದ್ರೆ ಜಾರುತ್ತೆ, ರಬ್ಬರ್ ಕಚ್ಕೊಳ್ಳುತ್ತೆ. ಬೋಲ್ಟಿಗೆ ಅಂಟು ಮಾತ್ರ ಬೇಡ, ಕೋನ ಬದಲಿಸೋಕೆ ಆಮೇಲೆ ಆಗಲ್ಲ.

ಇಷ್ಟಾದ ಮೇಲೂ ಬಿದ್ರೆ ಕುತ್ತಿಗೆ ಕಂಬಿಯೇ ಮೆದು ಅಂತ ಅರ್ಥ. ಹಾರ್ಪ್ ಹಾಕಿ, ಬೆರಳಲ್ಲಿ ಕೆಳಗೆ ಒತ್ತಿ ಬಿಡಿ. ಕಂಬಿ ವಾಪಸ್ ಬರದೆ ಬಗ್ಗಿದಲ್ಲೇ ನಿಂತ್ರೆ ಅದಕ್ಕೆ ಔಷಧ ಇಲ್ಲ, ಬೇರೆ ತಗೊಳ್ಳಿ. ಹೋಲ್ಡರಿಗೆ ಕೊಡೋ ದುಡ್ಡೆಲ್ಲ ಕಂಬಿಯ ಗಡಸುತನಕ್ಕೆ ಮತ್ತು ಆ ಎರಡು ಕೀಲಿಗೆ. ಹೊಳಪಿಗಲ್ಲ.

ತಾರಸ್ಥಾಯಿ ಉತ್ತರ:

ಟ್ರೆಮೊಲೊ ಬಗ್ಗೆ. 10 ತೂತಿನದು ಸುಮಾರು 10 ಸೆಂ.ಮೀ. ಉದ್ದ, 24ರದ್ದು 17–18 ಸೆಂ.ಮೀ., ದಪ್ಪವೂ ಹೆಚ್ಚು. ಹೆಚ್ಚಿನ ಹೋಲ್ಡರ್‌ಗಳ ಅಳತೆ 10 ತೂತಿನದ್ದಕ್ಕೆ. ಎರಡು ಕಂಬಿಗಳ ನಡುವಿನ ಅಂತರ, ಪಟ್ಟಿ ಎಷ್ಟು ಬಾಯಿ ಬಿಡುತ್ತೆ, ಎರಡನ್ನೂ ಸ್ಕೇಲಿಟ್ಟು ಅಳೆದೇ ಕೊಳ್ಳಬೇಕು.

ಆದ್ರೆ ಕೂತ್ರೂ ಹೋಲ್ಡರಲ್ಲಿ ಟ್ರೆಮೊಲೊ ನಾನು ಹೇಳಲ್ಲ. ಡಯಾಟೋನಿಕ್‌ನಲ್ಲಿ 4ನೇ ತೂತು ಊದಿದ್ರೆ ಸ, ಅದೇ ತೂತಲ್ಲಿ ಎಳೆದ್ರೆ ರಿ. ಟ್ರೆಮೊಲೊದಲ್ಲಿ ಊದೋ ಮನೆ ಬೇರೆ, ಎಳೆಯೋ ಮನೆ ಬೇರೆ, ಪ್ರತಿ ಸ್ವರಕ್ಕೂ ಪಕ್ಕಕ್ಕೆ ಸರೀಬೇಕು. ಕೈಯಲ್ಲಿದ್ರೆ ವಾದ್ಯ ಸರಿಯುತ್ತೆ, ಹೋಲ್ಡರಲ್ಲಿ ಸರಿಯೋದು ನಿಮ್ಮ ಕತ್ತು. ಕ್ರೋಮ್ಯಾಟಿಕ್ (ಗುಂಡಿ ಒತ್ತಿ ಅರ್ಧ ಸ್ವರಗಳನ್ನೂ ನುಡಿಸೋ ಹಾರ್ಪ್) ಕೊಳ್ಳೋ ಯೋಚನೆ ಇದ್ರೆ ಅದೂ ಇಲ್ಲಿಗಲ್ಲ. ಬಲತುದಿಯ ಗುಂಡಿ ಒತ್ತೋಕೆ ಬೆರಳು ಬೇಕು, ಆ ಬೆರಳು ಗಿಟಾರ್ ಮೇಲಿರುತ್ತೆ.

ಹೊಸದು ತಗೊಳ್ಳೋದಾದ್ರೆ ಹೋನರ್‌ನ ಫ್ಲೆಕ್ಸ್‌ರ‍್ಯಾಕ್, ಸೈಡೆಲ್‌ನ ಗೆಕ್ಕೊ ನೋಡಿ. ಗೆಕ್ಕೊ ಅಯಸ್ಕಾಂತದ್ದು, ಹಾರ್ಪ್ ಬದಲಿಸೋದು ಬೇಗ. ಇಂಥದ್ದು ತರಿಸೋ ಮುಂಚೆ ಫ್ರಿಜ್ ಬಾಗಿಲ ಅಯಸ್ಕಾಂತ ತಂದು ನಿಮ್ಮ ಹಾರ್ಪಿನ ಕವರಿಗೆ ಮುಟ್ಟಿಸಿ. ಹಿತ್ತಾಳೆಗೆ ಅಂಟಲ್ಲ, ಕೆಲವು ಸ್ಟೇನ್‌ಲೆಸ್‌ಗೂ ಅಂಟಲ್ಲ.

ಕೂರಿಸೋ ಕ್ರಮ: ಕನ್ನಡಿ ಮುಂದೆ, ಗಿಟಾರ್ ಹಾಕ್ಕೊಂಡೇ ಮಾಡಿ. ಎರಡೂ ನಟ್ ಸಡಿಲಿಸಿ. ಕುತ್ತಿಗೆ ಬಳೆ ಭುಜದ ಮೇಲೆ ಅಲುಗಾಡದೆ ಕೂರಬೇಕು. ಅಗಲ ಹೆಚ್ಚಾದ್ರೆ ಕೈಯಲ್ಲೇ ನಿಧಾನ ಒತ್ತಿ ಕಿರಿದು ಮಾಡಿ. ನೇರ ಎದುರಿಗೆ ನೋಡ್ತಾ ಹಾರ್ಪ್ ತುಟಿ ಸೇರೋ ಗೆರೆಗೆ ಬರೋ ಹಾಗೆ, ಒಂದು ಬೆರಳಗಲ ಮುಂದಕ್ಕೆ ನಿಲ್ಲಿಸಿ. 1ನೇ ಅಂಕಿ ಎಡಕ್ಕೆ, ಅಂಕಿಗಳು ಮೇಲಕ್ಕೆ. ಹಾರ್ಪಿನ ಹಿಂಬದಿ ಮೂಗಿನ ಕಡೆ ಸ್ವಲ್ಪ ಎದ್ದಿರಲಿ. ಆಗ ಕೆಳತುಟಿ ಒಳಗೆ ಸರಿದು ಕೂರುತ್ತೆ, 1 ಮತ್ತು 2ರ ಎಳೆತ ಬಾಯಿ ತುಂಬ ಬರುತ್ತೆ. ಕತ್ತು ಮುಂದೆ ಚಾಚಿ ಹಾರ್ಪ್ ಹುಡುಕೋ ಹಾಗಿದ್ರೆ ಮತ್ತೆ ಮೊದಲಿಂದ. ಹತ್ತು ನಿಮಿಷದಲ್ಲಿ ಹೆಗಲು ಹಿಡ್ಕೊಳ್ಳುತ್ತೆ.

ಬೆಂಚ್‌ಮೇಲೆ ಉತ್ತರ:

ತಾರಸ್ಥಾಯಿ ಅವರ ಅಳತೆ ಬರೀ ನುಡಿಸೋರಿಗೆ ಸರಿ, ಹಾಡೋರಿಗೆ ಅಲ್ಲ. ತುಟಿ ಎದುರಿಗೇ ಹಾರ್ಪ್ ಇದ್ರೆ ದನಿ ಅದಕ್ಕೆ ಬಡಿಯುತ್ತೆ, ಮೈಕಿಗೆ ಅರ್ಧ ಮಾತ್ರ ಹೋಗುತ್ತೆ. ಹಾಡೋರು ಅದನ್ನ ಕೆಳತುಟಿಗಿಂತ ಎರಡು ಸೆಂಟಿಮೀಟರ್ ಕೆಳಗೆ ನಿಲ್ಲಿಸಿ, ಗಲ್ಲ ಇಳಿಸಿ ಹಿಡಿಯೋದು ಒಳ್ಳೇದು. ಒಂದೇ ಮೈಕ್ ಇದ್ರೆ ಹಾರ್ಪಿನ ಹಿಂದೆ 8–10 ಸೆಂ.ಮೀ. ದೂರದಲ್ಲಿ, ಬಾಯಿಯ ಮಟ್ಟದಲ್ಲೇ ಇಡಿ. ಕೈ ಮುಚ್ಚೋಕೆ ಆಗದ ಕಾರಣ ಹಾರ್ಪ್ ಸದ್ದು ನೇರವಾಗಿ, ಚೂಪಾಗಿ ಹೋಗುತ್ತೆ. ಟ್ರೆಬಲ್ ಸ್ವಲ್ಪ ಇಳಿಸಬೇಕು. ವಾ-ವಾ ಅನ್ನಿಸೋ ಕೈಚಳಕ ಮರೆತುಬಿಡಿ, ಕಂಪನ ಗಂಟಲಿಂದಲೇ ಬರಬೇಕು. ಬೆಂಡಿಂಗ್‌ಗೆ (ಬಾಯಿಯ ಆಕಾರ ಬದಲಿಸಿ ಸ್ವರ ಇಳಿಸೋದು) ಕೈ ಬೇಡ, ಅದೇನೂ ತೊಂದರೆಯಿಲ್ಲ.

ಗಿಟಾರ್ ಪಟ್ಟಿ ಮೊದಲು, ಹೋಲ್ಡರ್ ಆಮೇಲೆ. ತಿರುವುಮುರುವು ಮಾಡಿದ್ರೆ ಪಟ್ಟಿ ಬಳೆಯನ್ನ ಒಂದು ಕಡೆಗೆ ಎಳೆದು ಹಾರ್ಪ್ ವಾರೆ ಆಗುತ್ತೆ. ಕೆಳಗಿನ ಕಂಬಿ ಗಿಟಾರಿನ ಮೈಗೆ ತಾಗೋ ಜಾಗಕ್ಕೆ ದಪ್ಪ ಬಟ್ಟೆ ಸುತ್ತಿ. ಇಲ್ಲಾಂದ್ರೆ ಪಾಲಿಶ್ ಗೀಚುತ್ತೆ, ಟಕ್ ಟಕ್ ಅಂತ ಪಿಕಪ್ಪಿಗೂ (ಗಿಟಾರಿನ ಸದ್ದು ಹಿಡಿಯೋ ಭಾಗ) ಕೇಳುತ್ತೆ.

ರೀಡ್‌ಪ್ಲೇಟ್:

ಗಿಟಾರ್ ಪಟ್ಟಿ ವಿಷಯದಲ್ಲಿ ನನ್ನದು ಉಲ್ಟಾ. ಅಗ್ಗದ, ಹಗುರ ಹೋಲ್ಡರ್ ಆದ್ರೆ ಅದರ ಬಳೆಯ ಮೇಲೆ ಪಟ್ಟಿ ಬರಲಿ, ಹಿಂದೆ ಒತ್ತಿ ಹಿಡಿಯುತ್ತೆ, ತಲೆ ಆಡಿಸಿದಾಗ ಮೇಲೇಳಲ್ಲ. ವಾರೆ ಆದ್ರೆ ಬೆಂಚ್‌ಮೇಲೆ ಅವರ ಕ್ರಮ. ಎರಡನ್ನೂ ಕನ್ನಡಿ ಮುಂದೆ ನೋಡಿ.

ಇನ್ನೊಂದು ಮರೆತಿದ್ದೆ. ಕೈಯಲ್ಲಿದ್ದಾಗ ಅಂಗೈ ಶಾಖಕ್ಕೆ ಹಾರ್ಪ್ ಬೆಚ್ಚಗಿರುತ್ತೆ, ಹೋಲ್ಡರಲ್ಲಿ ತಣ್ಣಗೇ ಉಳಿಯುತ್ತೆ. ತಣ್ಣನೆ ರೀಡ್ ಮೇಲೆ ಉಸಿರಿನ ತೇವ ಹನಿಯಾಗಿ ಕೂತು ಸ್ವರ ಸಿಕ್ಕಿಹಾಕ್ಕೊಳ್ಳುತ್ತೆ. ಮಳೆಗಾಲ, ಚಳಿಗಾಲದಲ್ಲಿ ಶುರು ಮಾಡೋ ಮುಂಚೆ ಐದು ನಿಮಿಷ ಜೇಬಲ್ಲಿಟ್ಟುಕೊಳ್ಳಿ. ಮುಗಿದ ಮೇಲೆ ಬಿಚ್ಚಿ, ತೂತು ಕೆಳಗೆ ಮಾಡಿ ಅಂಗೈಗೆ ಬಡಿದು ಒಣಗಿಸಿ. ಹೋಲ್ಡರಲ್ಲೇ ಬಿಟ್ರೆ ಸ್ಪ್ರಿಂಗ್ ರಾತ್ರಿಯಿಡೀ ಕವರನ್ನ ಒತ್ತುತ್ತೆ.

ಆರುತಂತಿ:

ಅರ್ಧ ಸೆಂಟಿಮೀಟರ್ ಮುಂದೆ ಎಳೆದೆ, 2ರ ಗರ್ ಹೋಯ್ತು! ವಾಷರ್ ನಾಳೆ. ಸ್ಕೇಲಿನ ವಿಷಯ ಯಾರಾದ್ರೂ ಹೇಳಿ ಸರ್. ಹೆಚ್ಚಾಗಿ ಜಿ ಮತ್ತು ಇ ಶೇಪಲ್ಲಿ (ಕಾರ್ಡ್ ಹಿಡಿಯೋ ಬೆರಳಿನ ಜೋಡಣೆ) ನುಡಿಸ್ತೀನಿ.

ಹರಿಕಾಂಭೋಜಿ ಉತ್ತರ:

ಎರಡು ದಾರಿ. ಹಾಡು ಯಾವ ಸ್ಕೇಲಲ್ಲಿದೆಯೋ ಅದೇ ಸ್ಕೇಲಿನ ಹಾರ್ಪ್ ಹಿಡಿದ್ರೆ ಶಂಕರಾಭರಣದ ಸ್ವರಗಳು ಸಿಗ್ತವೆ. ರಾಗ ನುಡಿಸೋದು 4ರಿಂದ 7ರ ಒಳಗೆ. 1ರಿಂದ 3ರಲ್ಲಿ ಮ ಮತ್ತು ದ ಇಲ್ಲವೇ ಇಲ್ಲ, ಅದು ಸ್ವರಮೇಳಕ್ಕೆ ಅಂತ ಬಿಟ್ಟ ಜಾಗ. ಅಲ್ಲಿ ರಾಗ ಹುಡುಕಿ ಹಾರ್ಪ್ ಕೆಟ್ಟಿದೆ ಅನ್ನೋರು ಬಹಳ. ಮೋಹನ ಸಲೀಸು: 4 ಊದು, 4 ಎಳೆ, 5 ಊದು, 6 ಊದು, 6 ಎಳೆ, 7 ಊದು. ನಿಷಾದ ಬೇಕಾದಾಗ ಎಚ್ಚರ, 7ರಲ್ಲಿ ಎಳೆದ್ರೆ ನಿ, ಊದಿದ್ರೆ ಮೇಲಿನ ಸ. ಅಂದ್ರೆ ಅಲ್ಲಿಂದ ಕ್ರಮ ತಿರುಗುತ್ತೆ.

ಎರಡನೇದು ಬ್ಲೂಸ್‌ನವರ ದಾರಿ. ಗಿಟಾರಿನ ಸ್ಕೇಲ್ ಷಡ್ಜ ಅಂದ್ಕೊಳ್ಳಿ, ಅದರ ಶುದ್ಧ ಮಧ್ಯಮ ಯಾವುದೋ ಆ ಹಾರ್ಪ್. ಜಿ ಹಾಡಿಗೆ ಸಿ, ಎಗೆ ಡಿ, ಡಿಗೆ ಜಿ, ಇಗೆ ಎ. ಹಾರ್ಪಿನ ಪಂಚಮವೇ ಇಲ್ಲಿ ಷಡ್ಜ, 2ನೇ ತೂತಿನ ಎಳೆತ. ಸಿಗೋ ಸ್ವರಗಳು ಹರಿಕಾಂಭೋಜಿಯವು. ಎಳೆತದ ಸ್ವರಗಳೇ ಮುಖ್ಯ ಆಗೋದ್ರಿಂದ ಬೆಂಡಿಂಗ್ ಚೆನ್ನಾಗಿ ಕೂರುತ್ತೆ. ಹೋಲ್ಡರ್ ಹಾಕಿದೋರು ಮೊದಲ ದಾರಿಯಲ್ಲೇ ಇರಬೇಕು ಅಂತೇನಿಲ್ಲ, ಆದ್ರೆ ಹಾಡಿನ ನಡುವೆ ನಾಲ್ಕು ಗೆರೆ ರಾಗ ಸೇರಿಸೋಕೆ ಅದೇ ಸುಲಭ. ಅಮೆರಿಕದ ಬ್ಲೂಸ್ ಗಾಯಕ ಜಿಮ್ಮಿ ರೀಡ್ ಹೋಲ್ಡರ್ ಹಾಕ್ಕೊಂಡೇ ಮೊದಲ ದಾರಿಯಲ್ಲಿ ಮೇಲಿನ ತೂತುಗಳಲ್ಲಿ ಬ್ಲೂಸ್ ನುಡಿಸ್ತಿದ್ರು, ಕೇಳಿ ನೋಡಿ.

ಕೇಪೋ ಹಾಕಿದಾಗ ಶೇಪಿನ ಹೆಸರು ಮರೆತು ಕೇಳೋ ಸ್ಕೇಲನ್ನ ಲೆಕ್ಕ ಹಾಕಿ, ಒಂದು ಫ್ರೆಟ್‌ಗೆ ಅರ್ಧ ಸ್ವರ. ಈಗಿರೋ ಒಂದೇ ಸಿ ಹಾರ್ಪಿಗೆ: ಮೊದಲ ದಾರಿಗೆ ಜಿ ಶೇಪ್, ಕೇಪೋ 5ನೇ ಫ್ರೆಟ್. ಎರಡನೇ ದಾರಿಗೆ ಜಿ ಶೇಪ್ ಕೇಪೋ ಇಲ್ಲದೆ, ಅಥವಾ ಇ ಶೇಪ್ ಕೇಪೋ 3. ಮುಂದಿನ ಹಾರ್ಪ್ ಕೊಳ್ಳೋದಾದ್ರೆ ಜಿ ತಗೊಳ್ಳಿ. ಜಿ ಹಾಡಿಗೆ ನೇರ ಆಗುತ್ತೆ, ಡಿ ಹಾಡಿಗೆ ಎರಡನೇ ದಾರಿ ಆಗುತ್ತೆ. ಸಿಗಿಂತ ಮಂದ್ರ, ರೀಡ್ ಉದ್ದ. ಪಟ್ಟಿ ಕಚ್ಚೋ ಜಾಗ ಇನ್ನೂ ಹುಷಾರಾಗಿ ನೋಡ್ಕೊಳ್ಳಿ.